ಮಾಚಿಕಾಯಿ ತರುವಾಗ ತೂತು ನೋಡಿ

ವಸಡು ನೋವು ಅಂದಕೂಡಲೇ ರಥಬೀದಿಯ ಗ್ರಂದಿಗೆ ಅಂಗಡಿಗೆ ಓಡುತ್ತೀರಿ. ಮಾಚಿಕಾಯಿ ಪೊಟ್ಟಣ ಬಿಡಿಸಿಯೂ ನೋಡದೆ ತಂದು ಮಿಕ್ಸಿಗೆ ಹಾಕುತ್ತೀರಿ. ಬ್ಲೇಡೂ ಹಾಳು, ಪುಡಿಯೂ ತರಿತರಿ. ಅದರಲ್ಲಿ ಉಜ್ಜಿದರೆ ಇರುವ ವಸಡೂ ಕಿತ್ತು ಬರುತ್ತದೆ ಅಲ್ವಾ?

ಅಂಗಡಿಯಲ್ಲೇ ಕಾಗದದ ಮೇಲೆ ಹರವಿ, ಒಂದೊಂದನ್ನೇ ತಿರುಗಿಸಿ ನೋಡಿ. ಸಣ್ಣ ದುಂಡನೆಯ ತೂತು ಕಂಡರೆ ಬೇಡ. ಮಾಚಿಕಾಯಿ ಅಂದರೆ ಮರ ಬಿಟ್ಟ ಕಾಯಿಯಲ್ಲ. ಟರ್ಕಿ, ಸಿರಿಯಾ, ಇರಾನ್ ಕಡೆಯ ಓಕ್ ಮರದ ಎಳೆ ಚಿಗುರಿನಲ್ಲಿ ಪುಟ್ಟ ಕಣಜವೊಂದು ಮೊಟ್ಟೆ ಇಡುತ್ತದೆ. ಆ ಮರಿಯ ಸುತ್ತ ಮರವೇ ಗಂಟು ಕಟ್ಟುತ್ತದೆ. ಮರಿ ಒಳಗೇ ತಿಂದು ಬೆಳೆದು, ರೆಕ್ಕೆ ಬಂದ ಮೇಲೆ ಕೊರೆದು ಹಾರಿಹೋಗುತ್ತದೆ. ಹಾಗೆ ಖಾಲಿಯಾದ ಗಂಟು ಬಿಳಿಚಿಕೊಂಡು ಹಗುರ, ಚೊಗರೂ ಕಮ್ಮಿ. ಕಣಜ ಹೊರಡುವ ಮೊದಲೇ ಕಿತ್ತದ್ದು ನೀಲಿ-ಹಸಿರು ಬೆರೆತ ಬೂದು ಬಣ್ಣ, ಮೈಮೇಲೆ ಮೊಂಡು ಮುಳ್ಳು, ಅಂಗೈಗೆ ಭಾರ. ಒಳ್ಳೆಯದರಲ್ಲಿ ಅರ್ಧಕ್ಕಿಂತ ಜಾಸ್ತಿ ಟ್ಯಾನಿನ್ನೇ, ಅಂದರೆ ಚೊಗರು ಕೊಡುವ ಅಂಶವೇ ಇರುತ್ತದೆ. ಆರಿಸುವಾಗ ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ.

ಇನ್ನು ತೇಯುವುದು. ನಮ್ಮ ಅಮ್ಮ ಇದಕ್ಕೆಂದೇ ಪುಟ್ಟ ಕಲ್ಲು ಇಟ್ಟಿದ್ದರು. ದೇವರ ಗಂಧದ ಕಲ್ಲು ಮುಟ್ಟಿದರೆ ಬೈಗುಳ ಗ್ಯಾರಂಟಿ. ಕಲ್ಲಿಗೆ ನಾಲ್ಕು ಹನಿ ನೀರು ಸಾಕು. ಒತ್ತಬೇಡಿ, ಸುಮ್ನೆ ಸುತ್ತಿಸುತ್ತಾ ಇರಿ. ಕಂದು ನೀರು ದಪ್ಪವಾಗಿ ಬೆರಳಿಗೆ ಅಂಟಬೇಕು, ನಾಲಿಗೆ ತುದಿಗೆ ಇಟ್ಟರೆ ಬಾಯೆಲ್ಲ ಬಿಗಿಯಬೇಕು. ಅದನ್ನು ಉಗುರುಬೆಚ್ಚಗಿನ ನೀರಿಗೆ ಬೆರೆಸಿ ಬಾಯಿ ಮುಕ್ಕಳಿಸಿ, ಉಗಿಯಿರಿ. ನುಂಗುವುದಲ್ಲ. ಹಸುಗೂಸಿಗೆ ನೆಕ್ಕಿಸುವುದೂ ಬೇಡ. ರಕ್ತ ನಿಲ್ಲದಿದ್ದರೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ನನ್ನನ್ನು ಕೇಳಬೇಡಿ.

ಕಬ್ಬಿಣ ಮಾತ್ರ ತಾಗಿಸಬೇಡಿ. ಕತ್ತಿಯಲ್ಲಿ ಕೆರೆಯುವವರನ್ನೂ ಕಬ್ಬಿಣದ ಬಾಣಲೆಯಲ್ಲಿ ಕುದಿಸುವವರನ್ನೂ ನೋಡಿದ್ದೇನೆ. ಕ್ಷಣದಲ್ಲಿ ಕಪ್ಪಾಗುತ್ತದೆ. ಆಗದೆ ಏನು? ಹಿಂದೆ ಯುರೋಪಿನಲ್ಲಿ ಇದನ್ನೂ ಅನ್ನಭೇದಿ ಎಂಬ ಕಬ್ಬಿಣದ ಲವಣವನ್ನೂ ಸೇರಿಸಿಯೇ ಬರೆಯುವ ಶಾಯಿ ಮಾಡುತ್ತಿದ್ದದ್ದು. ಬಾಳೆಹೂ ಹೆಚ್ಚುವಾಗ ಮೆಟ್ಟುಕತ್ತಿಯೂ ಬೆರಳೂ ಕಪ್ಪಾಗುತ್ತವಲ್ಲ, ಅಲ್ಲೂ ಇದೇ ಚೊಗರಿನ ಕೆಲಸ. ಹೆಚ್ಚಿದ್ದನ್ನು ಕೂಡಲೇ ಮಜ್ಜಿಗೆ ನೀರಿಗೆ ಹಾಕಿ ಅಂತ ಎಷ್ಟು ಸಲ ಹೇಳಿದರೂ ಫೋನ್ ನೋಡುತ್ತಾ ಕೂತಿರುತ್ತೀರಿ.

ಪುಡಿ ಮಾಡಿಟ್ಟರೆ ಆಟಿಯ ಮಳೆಗೆ ಗಟ್ಟಿ ಕಟ್ಟುತ್ತದೆ. ಇಡಿಯಾಗಿಯೇ ಒಣ ಭರಣಿಯಲ್ಲಿಡಿ, ಬೇಕಾದಷ್ಟೇ ತೇಯಿರಿ. ತೇದ ಕೈಯನ್ನು ಬಿಳಿ ಪಂಚೆಗೆ ಒರೆಸಬೇಡಿ. ಕಲೆ ಹೋಗುವುದಿಲ್ಲ.