ವಚನದ ಅಕ್ಕಪಕ್ಕ ಓದಲು ಕಲಿತ ಮೇಲೆ

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಪ್ರವಾದಿ ಯೆರೆಮೀಯನ ಪುಸ್ತಕದ 29:11 ನನಗೆ ಬಾಯಿಪಾಠವಾಗಿದ್ದ ವಚನ. ನಿಮ್ಮ ವಿಷಯದಲ್ಲಿ ನನಗಿರುವುದು ಹಿತದ ಯೋಚನೆ, ಕೇಡಿನದಲ್ಲ, ನಿಮಗೆ ನಿರೀಕ್ಷೆ ಇದೆ ಅಂತ ದೇವರು ಹೇಳುವ ಮಾತು ಅದು. ಕೆಲಸದ ಜಾಗದಲ್ಲಿ ತುಂಬಾ ನೊಂದಿದ್ದ ದಿನಗಳಲ್ಲಿ ಅದನ್ನೇ ಹಿಡಿದುಕೊಂಡು ಪ್ರಾರ್ಥಿಸುತ್ತಿದ್ದೆ. "ಕರ್ತನೇ, ನೀನೇ ಮಾತು ಕೊಟ್ಟಿದ್ದೀಯ. ಬೇಗ ಇಲ್ಲಿಂದ ಬಿಡಿಸು." ಒಂದು ವರ್ಷ ಕಳೆಯಿತು. ಏನೂ ಬದಲಾಗಲಿಲ್ಲ. ಅದೇ ಮೇಲಧಿಕಾರಿ, ಅದೇ ಚುಚ್ಚು ಮಾತು, ಮನೆಗೆ ಬಂದ ಮೇಲೆ ಅದೇ ಅಳು. ಒಳಗೊಳಗೇ ದೇವರ ಮೇಲೆ ಬೇಸರ ಶುರುವಾಗಿತ್ತು.

ಒಂದು ರಾತ್ರಿ ಸತ್ಯವೇದ ತೆರೆದು, ಗೆರೆ ಎಳೆದಿದ್ದ ಆ ಪುಟವನ್ನೇ ನೋಡುತ್ತಾ ಕೂತೆ. ಆವತ್ತು ಯಾಕೋ ಹನ್ನೊಂದನೇ ವಚನವನ್ನು ಬಿಟ್ಟು ಅಧ್ಯಾಯದ ಮೊದಲಿನಿಂದ ಓದಿದೆ. ಅದೊಂದು ಕಾಗದ. ಯೆರೂಸಲೇಮಿನಲ್ಲಿದ್ದ ಯೆರೆಮೀಯ, ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದವರಿಗೆ ಬರೆದು ಕಳಿಸಿದ್ದು. ಯೆಹೂದದ ಅರಸ ಯೆಕೊನ್ಯನ ಜೊತೆಗೆ ಬಾಬೆಲಿನ ಅರಸ ನೆಬೂಕದ್ನೆಚ್ಚರ ಹಿಡಿದೊಯ್ದಿದ್ದ ಜನ ಅವರು. ಹಿಂದಿನ ಅಧ್ಯಾಯದಲ್ಲೇ ಹನನ್ಯ ಅನ್ನುವ ಪ್ರವಾದಿ, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂದಿದ್ದ. ಕೇಳುವವರಿಗೆ ಎಷ್ಟು ಹಿತವಾದ ಮಾತು, ಅಲ್ವಾ? ಆದರೆ ಯೆರೆಮೀಯ ಹೇಳಿದ್ದು 70 ವರ್ಷ. ಆ ಕಾಗದ ಓದುವುದನ್ನು ಕೇಳಿದ ದೊಡ್ಡವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಮಣ್ಣಾಗಬೇಕಿತ್ತು. ನಾನು ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ದೇವರು ಹೇಳಿದ್ದು ಅವರಿಗೆ.

ನಾನು ಹಿಡಿದಿದ್ದು ಯೆರೆಮೀಯನ ವಚನ, ಬಯಸಿದ್ದು ಹನನ್ಯನ ಎರಡು ವರ್ಷ. ಅದು ಗೊತ್ತಾದಾಗ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಅದೇ ಕಾಗದದ ಐದು, ಏಳನೇ ವಚನಗಳು ಆ ರಾತ್ರಿಯಿಂದ ನನ್ನನ್ನು ಬಿಡಲಿಲ್ಲ. ಮನೆ ಕಟ್ಟಿಕೊಂಡು ವಾಸಿಸಿ, ತೋಟ ಮಾಡಿ ಫಲ ತಿನ್ನಿ, ನೀವು ಸೆರೆಹೋದ ಆ ಪಟ್ಟಣದ ಕ್ಷೇಮವನ್ನು ಹುಡುಕಿ, ಅದಕ್ಕಾಗಿ ಪ್ರಾರ್ಥಿಸಿ. ತಮ್ಮನ್ನು ಸೆರೆ ಒಯ್ದವರ ಪಟ್ಟಣಕ್ಕಾಗಿ! ಹಾಗಾದರೆ ನಾನಿರುವ ಜಾಗದಲ್ಲಿ ತೋಟ ಹಾಕುವುದು ಅಂದರೆ ಏನು ಅಂತ ಯೋಚಿಸಿದೆ. ಹೊಸದಾಗಿ ಸೇರಿದ್ದ ಹುಡುಗಿಗೆ ಕೆಲಸ ಹೇಳಿಕೊಡುವವರು ಯಾರೂ ಇರಲಿಲ್ಲ. ದಿನಾ ಅರ್ಧ ಗಂಟೆ ಅವಳ ಪಕ್ಕ ಕೂರಲು ಶುರುಮಾಡಿದೆ. ಬೆಳಿಗ್ಗೆ ಒಳಗೆ ಕಾಲಿಡುವ ಮೊದಲು ಆ ಮೇಲಧಿಕಾರಿಯ ಹೆಸರು ಹೇಳಿ ಪ್ರಾರ್ಥಿಸಿದೆ. "ಅವರನ್ನು ಬದಲಾಯಿಸು" ಅಂತಲ್ಲ. ಅವರ ಆರೋಗ್ಯ, ಅವರ ಮನೆ, ಅವರ ನಿದ್ದೆಗಾಗಿ. ಮೊದಲ ಕೆಲವು ವಾರ ಮಾತೇ ಹೊರಡುತ್ತಿರಲಿಲ್ಲ. ಹೆಸರು ಹೇಳಿ ಆಮೆನ್ ಅಂದುಬಿಡುತ್ತಿದ್ದೆ. ಆಮೇಲೆ ಒಂದು ದಿನ ಅವರ ಮುಖದಲ್ಲಿ ಸುಸ್ತು ಕಾಣಿಸಿತು. ಅದು ಮೊದಲೂ ಇದ್ದಿರಬೇಕು, ನಾನು ನೋಡಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೊಡೆತ ತಿನ್ನುತ್ತಿರುವವರಿಗೆ, ಮಾನಕ್ಕೆ ಕುತ್ತು ಬಂದಿರುವವರಿಗೆ "ಅಲ್ಲೇ ತೋಟ ಹಾಕು" ಅಂತ ಯಾರೂ ಈ ವಚನ ಓದಿ ಹೇಳಬಾರದು. ಅಂಥವರು ಅಲ್ಲಿಂದ ಹೊರಬರಲು ನಾವು ಸಹಾಯ ಮಾಡಬೇಕು. ನನ್ನದು ಅಂಥ ಸ್ಥಿತಿ ಆಗಿರಲಿಲ್ಲ. ಮುಂದೆ ನನಗೆ ಬೇರೆ ಕೆಲಸ ಸಿಕ್ಕಿತು. ಆದರೆ ಬಿಟ್ಟುಬರುವಾಗ ಓಡಿಬಂದ ಹಾಗೆ ಅನಿಸಲಿಲ್ಲ.

ಅಲ್ಲಿಂದ ನನ್ನ ಓದುವ ರೀತಿ ಬದಲಾಯಿತು. ಮೊದಲು ದಿನಕ್ಕೊಂದು ವಚನ ಓದಿ, ಸಮಾಧಾನ ಆದ ಕೂಡಲೇ ಪುಟ ಮುಚ್ಚುತ್ತಿದ್ದೆ. ಈಗ ವಾರಕ್ಕೆ ಒಂದೇ ವಚನ. ಸೋಮವಾರ ಅದರ ಇಡೀ ಅಧ್ಯಾಯ ಓದುತ್ತೇನೆ, ಸತ್ಯವೇದದ ಚಿಕ್ಕ ಪತ್ರವಾದರೆ ಪೂರ್ತಿ. ವಚನಗಳಿಗೆ ನಾವು ಈಗ ನೋಡುವ ಸಂಖ್ಯೆಗಳು ಹೊಸ ಒಡಂಬಡಿಕೆಗೆ ಬಂದದ್ದು 1551ರಲ್ಲಿ, ರೊಬೆರ್ ಎಸ್ಟಿಯೆನ್ ಎಂಬ ಮುದ್ರಕನ ಕೈಯಿಂದ. ಅಪೊಸ್ತಲ ಪೌಲನ ಕಾಗದ ಕೈಗೆ ಬಂದಾಗ ಫಿಲಿಪ್ಪಿಯ ಸಭೆಯವರ ಮುಂದೆ 4:13 ಅಂತ ಬೇರೆ ನಿಂತ ಸಾಲು ಇರಲಿಲ್ಲ. ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನು ಅನ್ನುವುದಕ್ಕೆ ಮುಂಚೆ, ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ತೃಪ್ತನಾಗಿರಲು ಕಲಿತಿದ್ದೇನೆ ಅಂತ ಅವನು ಸೆರೆಯಲ್ಲಿದ್ದುಕೊಂಡು ಬರೆದದ್ದನ್ನು ಅವರು ಕೇಳಿದ್ದರು.

ಮಂಗಳವಾರದಿಂದ ಒಂದೇ ಪ್ರಶ್ನೆ. ಈ ಮಾತು ನಿಜವಾದರೆ ಇವತ್ತು ನಾನು ಯಾರ ಹತ್ತಿರ ಹೋಗಬೇಕು, ಏನು ಮಾಡಬೇಕು, ಏನು ಬಿಡಬೇಕು? ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯುತ್ತೇನೆ. "ಇನ್ನೂ ಪ್ರೀತಿಯಿಂದ ಇರಬೇಕು" ಅಂತ ಬರೆದರೆ ನನ್ನಿಂದ ಏನೂ ಆಗುವುದಿಲ್ಲ ಅಂತ ಕಂಡುಕೊಂಡಿದ್ದೇನೆ. ಹೆಸರು ಮತ್ತು ಹೊತ್ತು ಬರೆದರೆ ಮಾತ್ರ ಆಗುತ್ತದೆ.

ಎಲ್ಲಕ್ಕಿಂತ ಕಷ್ಟದ ವಾರ ಮತ್ತಾಯ 5:23ರದ್ದು. ಕಾಣಿಕೆ ತಂದು ಯಜ್ಞವೇದಿಯ ಮುಂದೆ ನಿಂತಾಗ ಸಹೋದರನ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನ ಸಂಗಡ ಒಂದಾಗು ಅಂತ ಯೇಸು ಹೇಳಿದ ಮಾತು. ವರ್ಷಗಟ್ಟಲೆ ಇದನ್ನು ನಾನು ತಪ್ಪಾಗಿ ಓದಿದ್ದೆ. ನನಗೆ ಯಾರ ಮೇಲೂ ಸಿಟ್ಟಿಲ್ಲ, ಹಾಗಾಗಿ ನಾನು ಆರಾಮವಾಗಿ ಆರಾಧನೆಗೆ ಹೋಗಬಹುದು ಅಂದುಕೊಂಡಿದ್ದೆ. ಆದರೆ ವಚನ ಹೇಳುವುದು ನನ್ನ ಸಿಟ್ಟಿನ ವಿಷಯವಲ್ಲ. ಸಹೋದರನ ಮನಸ್ಸಿನಲ್ಲಿ ನನ್ನ ಮೇಲೆ ಏನಾದರೂ ಇದ್ದರೆ, ಎದ್ದು ಹೋಗಬೇಕಾದವಳು ನಾನು.

ಯೇಸುವಿನ ಆ ಮಾತು ಕೇಳುತ್ತಿದ್ದವರು ಗಲಿಲಾಯದ ಬೆಟ್ಟದ ಮೇಲಿದ್ದರು. ಯಜ್ಞವೇದಿ ಇದ್ದದ್ದು ಯೆರೂಸಲೇಮಿನ ದೇವಾಲಯದಲ್ಲಿ. ನಡೆದರೆ ಮೂರು ದಿನವಾದರೂ ಬೇಕು. ಅಷ್ಟು ದೂರ ನಡೆದು ತಂದ ಕಾಣಿಕೆಯನ್ನು ಅಲ್ಲೇ ಬಿಟ್ಟು, ಊರಿಗೆ ವಾಪಸ್ ಹೋಗಿ, ಮಾತಾಡಿ, ಮತ್ತೆ ಬರಬೇಕು. ಅವರಿಗೆ ಆ ಮಾತು ಎಷ್ಟು ಭಾರವಾಗಿ ಕೇಳಿಸಿರಬೇಕು! ನನಗೆ ಬೇಕಿದ್ದದ್ದು ಒಂದು ಫೋನ್ ಕರೆ.

ನನ್ನ ತಮ್ಮ ನನ್ನ ಜೊತೆ ಮಾತು ಬಿಟ್ಟು ನಾಲ್ಕು ವರ್ಷ ಆಗಿತ್ತು. ಅಪ್ಪನ ಕೊನೆಯ ಕಾಯಿಲೆಯ ದಿನಗಳಲ್ಲಿ ಭಾರವೆಲ್ಲ ಅವನೇ ಹೊತ್ತ. ನಾನು ದೂರದಿಂದ ಹಣ ಕಳಿಸಿದೆ, ಜೊತೆಗೆ ಬುದ್ಧಿಮಾತೂ ಕಳಿಸಿದೆ. ನಾನು ಮಾಡಿದ್ದು ಸರಿ ಅಂತಲೇ ನಂಬಿದ್ದೆ. ಆ ವಾರ ನೋಟ್‌ಬುಕ್ಕಿನಲ್ಲಿ ಅವನ ಹೆಸರು ಬರೆದು, ಗುರುವಾರ ರಾತ್ರಿ 8 ಗಂಟೆ ಅಂತ ಬರೆದೆ. ಗುರುವಾರ ಮಾಡಲಿಲ್ಲ. ಶುಕ್ರವಾರವೂ ಇಲ್ಲ. ಶನಿವಾರ ರಾತ್ರಿ, ನಾಳೆ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಮೇಜಿನ ಮುಂದೆ ಹೇಗೆ ನಿಲ್ಲಲಿ ಅನ್ನಿಸಿ ಫೋನ್ ಮಾಡಿದೆ.

"ಏನಕ್ಕಾ," ಅಂದ. ಅಷ್ಟೇ.

ವಿವರಣೆ ಕೊಡಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. "ಅಪ್ಪನ್ನ ನೀನೊಬ್ಬನೇ ನೋಡಿಕೊಂಡೆ ಕಣೋ. ನಾನು ಬಂದು ನಿನ್ನ ಜೊತೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನನ್ನದು ತಪ್ಪು," ಅಂದೆ. ಆ ಕಡೆಯಿಂದ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, "ಆಯ್ತು, ಮಲಕ್ಕೋ," ಅಂದು ಇಟ್ಟುಬಿಟ್ಟ.

ಅವನು ಕ್ಷಮಿಸಿದನೋ ಇಲ್ಲವೋ ನಾನು ಕೇಳಿಲ್ಲ. ಅದನ್ನು ಅವಸರ ಮಾಡಿ ಕೇಳುವ ಹಕ್ಕು ಆ ವಚನ ನನಗೆ ಕೊಟ್ಟಿಲ್ಲ. ಈಗ ಪ್ರತಿ ಶನಿವಾರ ರಾತ್ರಿ ಫೋನ್ ಮಾಡುತ್ತೇನೆ. ಕೆಲವು ಸಲ ಎತ್ತುವುದಿಲ್ಲ. ಹೋದ ತಿಂಗಳು ಎತ್ತಿದಾಗ, ಅಪ್ಪನ ಹಳೆಯ ಸತ್ಯವೇದ ತನ್ನ ಹತ್ತಿರವೇ ಇದೆ, ಹಾಳೆಗಳ ಅಂಚಿನಲ್ಲಿ ಅಪ್ಪ ಏನೇನೋ ಬರೆದಿದ್ದಾರೆ, ಬಂದಾಗ ತೋರಿಸುತ್ತೇನೆ ಅಂದ.