ಬಿರುಕು ಎರಡು ಕಿಲೋಮೀಟರ್ ಓಡಿದಾಗ

ಗ್ಯಾಸ್ ಬಾವಿಯಲ್ಲಿ ನೀರಿನ ಒತ್ತಡದಿಂದ ಬಂಡೆ ಎಷ್ಟು ದೂರ ಸೀಳುತ್ತದೆ ಅಂತ ಲೆಕ್ಕ ಹಾಕುವ ಕೋಡ್ ಬರೆಯುವುದು ನನ್ನ ಕೆಲಸ. ಮೊದಲ ಸಲ ಅದು ಕೊಟ್ಟ ಉತ್ತರ ಸುಮಾರು 2,200 ಮೀಟರ್. ಸೆಕೆಂಡಿಗೆ 100 ಲೀಟರಿನಂತೆ ಒಂದು ಗಂಟೆ ನೀರು ನುಗ್ಗಿಸಿದರೆ, ಬಾವಿಯ ಒಂದೊಂದು ಬದಿಗೂ ಬಿರುಕು ಅಷ್ಟು ದೂರ ಓಡುತ್ತದೆ ಅಂತ. ನಿಜವಾದ ಶೇಲ್ (ಪದರ ಪದರವಾದ ಜೇಡಿಕಲ್ಲು) ಬಾವಿಗಳಲ್ಲಿ ಅದು ಸಾಮಾನ್ಯವಾಗಿ ಕೆಲವು ನೂರು ಮೀಟರ್ ಅಷ್ಟೇ.

ನನ್ನ ಕೆಲಸ ಬೆಂಗಳೂರಿನಲ್ಲಿ, ಬಾವಿಗಳಿರುವುದು ಅಮೆರಿಕದಲ್ಲಿ. ಯಲಹಂಕದ ನಮ್ಮ ಬೀದಿಯವರಿಗೆ ಈ ಕೆಲಸದ ಬಗ್ಗೆ ಹೇಳುವಾಗ ಬೋರ್‌ವೆಲ್ಲಿನಿಂದಲೇ ಶುರು ಮಾಡುತ್ತೇನೆ. ನೀರು ಕಡಿಮೆಯಾದ ಬೋರ್‌ಗೆ ಪ್ಯಾಕರ್ (ಬಾವಿಯನ್ನು ಒಳಗಿಂದ ಬಿಗಿಯಾಗಿ ಮುಚ್ಚುವ ಬಿರಡೆ) ಇಳಿಸಿ, ಒತ್ತಡದಲ್ಲಿ ನೀರು ಬಿಟ್ಟು ಕಲ್ಲಿನ ಸಂದು ಬಿಡಿಸುತ್ತಾರಲ್ಲ, ಅದೇ ಜಾತಿಯ ಕೆಲಸ. ಆದರೆ ನಮ್ಮ ಲಾಲ್‌ಬಾಗ್ ಬಂಡೆಯಂಥ ಕಲ್ಲಿನಲ್ಲಿ ಇರುವ ಸಂದನ್ನೇ ಅಗಲ ಮಾಡುತ್ತಾರೆ. ಶೇಲ್‌ನಲ್ಲಿ ಎರಡು-ಮೂರು ಕಿಲೋಮೀಟರ್ ಆಳದಲ್ಲಿ ಹೊಸ ಬಿರುಕು ಹುಟ್ಟಿಸಬೇಕು. ಅದು ಮತ್ತೆ ಮುಚ್ಚಿಕೊಳ್ಳದಂತೆ ಮರಳು ತುಂಬಬೇಕು.

ಬಿರುಕಿನ ಬೆಳವಣಿಗೆ ಲೆಕ್ಕ ಹಾಕುವ ಹಳೆಯ ಪಿಕೆಎನ್ ಮಾದರಿಯಿಂದ ನಾನು ಹೊರಟೆ. 1961ರಲ್ಲಿ ಪರ್ಕಿನ್ಸ್ ಮತ್ತು ಕೆರ್ನ್ ಕೊಟ್ಟದ್ದು, 1972ರಲ್ಲಿ ನಾರ್ಡ್‌ಗ್ರೆನ್ ಮುಂದುವರಿಸಿದ್ದು. ಬಿರುಕಿನ ಎತ್ತರ 30 ಮೀಟರ್, ಬಂಡೆಯ ಪೆಡಸುತನ (ಯಂಗ್ ಮಾಡ್ಯುಲಸ್) 25 ಗಿಗಾಪ್ಯಾಸ್ಕಲ್ ಅಂತ ಇಟ್ಟುಕೊಂಡೆ. ಬಾವಿಗೆ ಸೇರುವ ಜಾಗದಲ್ಲಿ ಬಿರುಕಿನ ಅಗಲ ಐದು ಮಿಲಿಮೀಟರಿಗೂ ಕಡಿಮೆ ಬಂತು. ಇಲ್ಲೇ ಕಷ್ಟ ಇರೋದು. ನೀರಿನ ಹರಿವು ಅಗಲದ ಘನದ ಮೇಲೆ ನಿಂತಿದೆ. ಅಗಲ ಅರ್ಧವಾದರೆ ಹರಿವು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ತುದಿಯಲ್ಲಂತೂ ಅಗಲ ಸೊನ್ನೆ. ಅಲ್ಲಿ ಮೆಶ್, ಅಂದರೆ ಲೆಕ್ಕಕ್ಕಾಗಿ ಬಿರುಕನ್ನು ತುಂಡು ಮಾಡುವ ಜಾಲ, ಒರಟಾಗಿದ್ದರೆ ಒತ್ತಡ ಹುಚ್ಚಾಪಟ್ಟೆ ಜಿಗಿದು ಲೆಕ್ಕ ನಿಂತೇ ಹೋಗುತ್ತದೆ. ತುದಿಯ ಹತ್ತಿರ ಮೆಶ್ ಸಣ್ಣದು ಮಾಡಿ, ಕಾಲದ ಹೆಜ್ಜೆ ಚಿಕ್ಕದಿಟ್ಟ ಮೇಲೆ ನನ್ನ ಕೋಡ್ ಕೈಲೆಕ್ಕದ ಉತ್ತರಕ್ಕೆ ಕೂಡಿತು.

ಕೂಡಿದ್ದು ಆ ಎರಡು ಕಿಲೋಮೀಟರಿಗೇ! ತಪ್ಪು ಕೋಡಿನಲ್ಲಿರಲಿಲ್ಲ. ಬಿರುಕಿನಿಂದ ಬಂಡೆಗೆ ಆಗುವ ನೀರಿನ ಸೋರಿಕೆಯನ್ನು ನಾನು ಬಿಟ್ಟಿದ್ದೆ. ಕಾರ್ಟರ್ 1957ರಲ್ಲಿ ಕೊಟ್ಟ ಸೋರಿಕೆಯ ಸೂತ್ರ ಸೇರಿಸಿ, ನೀರು ಎಷ್ಟು ಬೇಗ ಸೋರುತ್ತದೆ ಅನ್ನುವ ಗುಣಾಂಕವನ್ನು 0.0001 ಇಟ್ಟೆ, ಮೀಟರ್-ಸೆಕೆಂಡ್ ಲೆಕ್ಕದಲ್ಲಿ. ಉದ್ದ 300 ಮೀಟರ್ ಆಸುಪಾಸಿಗೆ ಇಳಿಯಿತು. ಪಂಪ್ ಮಾಡಿದ 3,60,000 ಲೀಟರಿನಲ್ಲಿ ಬಹುಪಾಲು ಬಂಡೆಗೆ ಹೋಗಿತ್ತು. ಶೇಲ್ ಅಷ್ಟು ಬಿಗಿ ಕಲ್ಲು, ಅದರೊಳಗೆ ಇಷ್ಟು ನೀರು ಹೇಗೆ ಹೋಗುತ್ತೆ ಅಂತ ನೀವು ಕೇಳಬಹುದು. ಹೆಚ್ಚಾಗಿ ಹೋಗೋದು ಕಲ್ಲಿನ ಮೈಯೊಳಕ್ಕಲ್ಲ, ಅದರಲ್ಲಿ ಮೊದಲೇ ಇರುವ ಸಣ್ಣ ಸೀಳುಗಳಿಗೆ.

ಆದರೆ ಈ ಗುಣಾಂಕ ಎಷ್ಟು ಮೋಸ ಮಾಡಬಲ್ಲದು ಅಂತ ಆಮೇಲೆ ಗೊತ್ತಾಯಿತು. ಬಿರುಕಿನ ಎತ್ತರ 30ರಿಂದ 25 ಮೀಟರಿಗೆ ಇಳಿಸಿದೆ, ಒತ್ತಡ ಏರಿತು. ಸೋರಿಕೆ ಸ್ವಲ್ಪ ಜಾಸ್ತಿ ಮಾಡಿದೆ, ಇಳಿಯಿತು. ಗ್ರಾಫಿನಲ್ಲಿ ಒತ್ತಡದ ಗೆರೆ ಹೆಚ್ಚೂಕಡಿಮೆ ಮೊದಲಿನದ್ದೇ, ಉದ್ದ ಮಾತ್ರ ಬೇರೆ! ಬಾವಿಯ ಒತ್ತಡದ ಗೆರೆಗೆ ಮಾದರಿ ಹೊಂದಿತು ಅಂತ ವರದಿ ಬಂದರೆ ಈಗ ನಾನು ಸುಮ್ನೆ ಒಪ್ಪುವುದಿಲ್ಲ. ಎತ್ತರ ಎಲ್ಲಿಂದ ಬಂತು ಅಂತ ಕೇಳುತ್ತೇನೆ. ಬಂಡೆ ಸೀಳುವಾಗಿನ ಸೂಕ್ಷ್ಮ ಕಂಪನದ ಅಳತೆಯೋ ಬಾವಿಗೆ ಇಳಿಸಿದ ಫೈಬರ್ ಕೇಬಲ್ಲಿನ ಅಳತೆಯೋ ಇದ್ದರೆ ಮಾತ್ರ ಮುಂದುವರಿಯುತ್ತೇನೆ.

ಆಮೇಲೆ ಒಂದು ಬಿರುಕಿನ ಬದಲು ಮೂರು ಸಾಲಾಗಿ ಇಟ್ಟೆ. ಎರಡು ತುದಿಯವು ಬೆಳೆದವು, ನಡುವಿನದು ಸೊರಗಿತು. ಎರಡು ದಿನ ಕೋಡಿನಲ್ಲಿ ತಪ್ಪು ಹುಡುಕಿದೆ. ತಪ್ಪೇನೂ ಇರಲಿಲ್ಲ. ಪಕ್ಕದ ಬಿರುಕುಗಳು ಅಗಲವಾಗುತ್ತಾ ನಡುವಿನ ಕಲ್ಲನ್ನು ಎರಡೂ ಕಡೆಯಿಂದ ಒತ್ತುತ್ತವೆ. ಆ ಒತ್ತಡ ಮೀರಿ ಬಾಯಿ ಬಿಡಲು ನಡುವಿನದಕ್ಕೆ ಆಗುವುದಿಲ್ಲ. ಒತ್ತಡದ ನೆರಳು ಅಂತ ನಾವು ಕರೆಯೋದು ಇದನ್ನೇ. ನಿಜವಾದ ಬಾವಿಯಲ್ಲಿ ಹೀಗಾದರೆ ಬಿರುಕು ಹುಟ್ಟಿಸಲು ಅಷ್ಟು ಖರ್ಚು ಮಾಡಿ ಬಾವಿಯ ಕೊಳವೆಗೆ ತೂತು ಹಾಕಿದ ಜಾಗದಿಂದ ಗ್ಯಾಸ್ ಸರಿಯಾಗಿ ಬರುವುದೇ ಇಲ್ಲ. ಅದಕ್ಕೇ ಈ ವಿಷಯ ನನ್ನನ್ನು ಇಷ್ಟು ಕಾಡಿದ್ದು.

ಕೊನೆಗೆ ಕೊಳವೆಗೆ ಹಾಕುವ ತೂತುಗಳ ಸಂಖ್ಯೆಯನ್ನು ಮೂರೂ ಕಡೆ ಅರ್ಧಕ್ಕೆ ಇಳಿಸಿದೆ. ಅದೇ ಹರಿವಿಗೆ ತೂತಿನ ಘರ್ಷಣೆಯಲ್ಲಿ ಕಳೆಯುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹೆಚ್ಚು ನೀರು ಎಳೆಯುವ ಬಿರುಕಿಗೆ ಹೆಚ್ಚು ತಡೆ ಬೀಳುತ್ತದೆ, ಉಳಿದ ನೀರು ಸೊರಗಿದ್ದರ ಕಡೆಗೆ ತಿರುಗುತ್ತದೆ. ಮತ್ತೆ ಓಡಿಸಿದಾಗ ನಡುವಿನ ಬಿರುಕು ನಿಧಾನವಾಗಿ ಬಾಯಿ ಬಿಟ್ಟಿತು.