ಹಾರದ ನೀರುಕಾಗೆಯ ಫೋಟೊ: ಫರ್ನಾಂಡಿನಾದಲ್ಲಿ ನಾನು ಮಾಡಿದ ರೀತಿ

ಹಾರಲಾರದ ನೀರುಕಾಗೆ ಇರುವುದು ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಸಮೂಹದ ಎರಡೇ ದ್ವೀಪಗಳಲ್ಲಿ: ಫರ್ನಾಂಡಿನಾ ಮತ್ತು ಇಸಬೆಲಾದ ಉತ್ತರ, ಪಶ್ಚಿಮದ ಕಡಲಂಚು. ಹಾಗಾಗಿ ಕೆಲಸ ಅರ್ಧ ಕೆಡುವುದು ಹಡಗು ಬುಕ್ ಮಾಡುವಾಗಲೇ. ಒಂದೇ ಹಡಗು ಒಂದು ವಾರ ಪೂರ್ವಕ್ಕೆ, ಇನ್ನೊಂದು ವಾರ ಪಶ್ಚಿಮಕ್ಕೆ ಹೋಗುವುದುಂಟು. ವೇಳಾಪಟ್ಟಿಯಲ್ಲಿ ಫರ್ನಾಂಡಿನಾದಲ್ಲಿ ಪ್ರವಾಸಿಗರು ಇಳಿಯುವ ಜಾಗವಾದ ಪುಂಟಾ ಎಸ್ಪಿನೋಸಾ ಇದೆಯೇ ನೋಡಿಯೇ ದುಡ್ಡು ಕಟ್ಟಿದೆ.

ಆರಿಸಿದ್ದು ಆಗಸ್ಟ್. ಕಡಲಾಳದಲ್ಲಿ ಹರಿಯುವ ಕ್ರಾಮ್ವೆಲ್ ಪ್ರವಾಹ ತಣ್ಣೀರನ್ನು ಮೇಲೆತ್ತುವ ಈ ತಿಂಗಳುಗಳಲ್ಲಿ ಮೀನು ಹೇರಳ, ಗೂಡುಗಳೂ ಹೆಚ್ಚು. ಎಲ್ ನಿನೋ ವರ್ಷದಲ್ಲಿ ನೀರು ಬೆಚ್ಚಗಾಗಿ ಮೀನು ಸಿಗುವುದಿಲ್ಲ. 1982–83ರಲ್ಲಿ ಇವುಗಳ ಸಂಖ್ಯೆ ಸರಿಸುಮಾರು ಅರ್ಧಕ್ಕಿಳಿದಿತ್ತು.

ಲೆನ್ಸ್ 70-200 ಮಿ.ಮೀ. ಸಾಕು. ಹಕ್ಕಿಗೆ ಹೆದರಿಕೆಯಿಲ್ಲ, ಆದರೆ ಎರಡು ಮೀಟರ್ ದೂರ ಇರಬೇಕೆಂಬುದು ರಾಷ್ಟ್ರೀಯ ಉದ್ಯಾನದ ನಿಯಮ. ಫ್ಲ್ಯಾಶ್ ನಿಷಿದ್ಧ, ಗೈಡ್ ಇಲ್ಲದೆ ಹೆಜ್ಜೆಯಿಡುವಂತಿಲ್ಲ. ಮೊದಲ ನಲವತ್ತು ಚಿತ್ರ ಹಾಳಾದದ್ದು ಎಕ್ಸ್‌ಪೋಶರ್‌ನಿಂದ. ಚೌಕಟ್ಟಿನ ತುಂಬ ಕಪ್ಪು ಲಾವಾ, ಮೇಲೆ ಕಂದು ಹಕ್ಕಿ. ಕ್ಯಾಮೆರಾ ಕತ್ತಲೆಂದುಕೊಂಡು ಬೆಳಕು ಏರಿಸುತ್ತದೆ, ಕಂದು ಬೂದಾಗುತ್ತದೆ, ಬಂಡೆಯ ಮೇಲಿನ ಬಿಳಿ ಹಿಕ್ಕೆ ಉರಿದುಹೋಗುತ್ತದೆ. ಬೆಳಕನ್ನು ಕೈಯಾರೆ ತಗ್ಗಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಮೈನಸ್ 0.7ರಿಂದ ಮೈನಸ್ 1ರ ನಡುವೆ ಇಟ್ಟು, ಫೋಕಸ್ ನೀಲಿ-ಹಸಿರು ಕಣ್ಣಿನ ಮೇಲೆ ನಿಲ್ಲಿಸಿದ ಮೇಲೆ ಸರಿಹೋಯಿತು. ಶಟರ್ ವೇಗ 1/1600 ಸೆಕೆಂಡು, ರೆಕ್ಕೆ ಒದರುವಾಗ ಅದಕ್ಕಿಂತ ಕಡಿಮೆ ಬೇಡ. ರೆಕ್ಕೆ ಎಂದರೆ ಹಾರಾಟಕ್ಕೆ ಬೇಕಾದ ಅಳತೆಯ ಸುಮಾರು ಮೂರನೇ ಒಂದು ಪಾಲು. ಆದರೂ ರಂಗನತಿಟ್ಟಿನ ನೀರುಕಾಗೆಗಳಂತೆಯೇ ಹರಡಿ ಒಣಗಿಸುತ್ತವೆ. ನೋಡಲು ನಗು ಬರುತ್ತದೆ.

ಒಳ್ಳೆಯ ಚಿತ್ರ ಸಿಗುವುದು ಗಂಡು-ಹೆಣ್ಣು ಕಾವು ಕೂರುವ ಪಾಳಿ ಬದಲಾಗುವಾಗ. ನೀರಿನಿಂದ ಬಂದ ಹಕ್ಕಿ ಕೊಕ್ಕಿನಲ್ಲಿ ಒಂದು ಹಿಡಿ ಕಡಲಪಾಚಿ ತರುತ್ತದೆ. ಕಾವು ಕೂತದ್ದು ಕುತ್ತಿಗೆ ಚಾಚಿ ತೆಗೆದುಕೊಂಡು ಗೂಡಿನಂಚಿಗೆ ತುರುಕುತ್ತದೆ, ಆಮೇಲೆ ಏಳುತ್ತದೆ. ಎದ್ದು ಇನ್ನೊಂದು ಕೂರುವಷ್ಟರಲ್ಲಿ ಮಾತ್ರ ಮೊಟ್ಟೆ ಕಾಣುತ್ತದೆ. ಇಡುವುದು ಎರಡು-ಮೂರು, ಸಾಮಾನ್ಯವಾಗಿ ಉಳಿಯುವುದು ಒಂದೇ ಮರಿ. ಆದ್ದರಿಂದ ಬೀಚಿನಲ್ಲಿ ಅಲೆದಾಡದೆ ಒಂದೇ ಗೂಡಿನ ಎದುರು, ನೀರಿನ ಕಡೆ ಒಂದು ಕಣ್ಣಿಟ್ಟು ಕಾಯುವುದೇ ಲೇಸು.

ಎಸಿ ಕೋಣೆಯಿಂದ ತಂದ ಲೆನ್ಸ್‌ಗೆ ಮಂಜು ಕಟ್ಟುತ್ತದೆ. ಇಳಿಯುವ ಅರ್ಧ ಗಂಟೆ ಮೊದಲೇ ಬ್ಯಾಗು ಡೆಕ್‌ನಲ್ಲಿಟ್ಟೆ. ಲಾವಾ ಮೇಲೆ ಪಾದರಕ್ಷೆ ಬಿಗಿಯಾಗಿರಲಿ, ಚಪ್ಪಲಿ ಬೇಡ. ಅಡಿಯ ಮಣ್ಣು, ಬೀಜ ಮೊದಲೇ ಬ್ರಷ್ಷಿನಿಂದ ತೆಗೆಯಬೇಕು, ಹೊರಗಿನದ್ದೇನೂ ದ್ವೀಪಕ್ಕೆ ಸೇರಬಾರದು. ಫರ್ನಾಂಡಿನಾದಲ್ಲಿ ಹೊರಗಿನಿಂದ ಬಂದ ಇಲಿ, ಬೆಕ್ಕು ಇನ್ನೂ ನೆಲೆಸಿಲ್ಲ, ನೆಲದ ಮೇಲೇ ಗೂಡು ಕಟ್ಟುವ ಈ ಹಕ್ಕಿ ಅವಕ್ಕೆ ಸುಲಭದ ತುತ್ತು.